ಓಡುವವರ ಗಡಿಯಾರ

ಜನವರಿಯ ಮುಂಬಯಿ ಮ್ಯಾರಥಾನ್ ಹತ್ತಿರವಾದಂತೆ, ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಬೆಳಗಿನ ಜಾವ ಓಡುವ ನಮ್ಮ ಗೆಳೆಯರ ನಡುವೆ ಒಂದೇ ಪ್ರಶ್ನೆ ಸುಳಿದಾಡತೊಡಗುತ್ತದೆ: ಯಾವ ಜಿಪಿಎಸ್ ಗಡಿಯಾರ ಕೊಳ್ಳಬೇಕು? ನಿದ್ರೆಗೆ ಅಂಕ ಕೊಡುತ್ತದೆ, ಹಾಡು ಕೇಳಿಸುತ್ತದೆ, ಹಣವನ್ನೂ ಪಾವತಿಸುತ್ತದೆ ಎಂದು ಅಂಗಡಿಯವರು ಬಣ್ಣಿಸುತ್ತಾರೆ. ಓಡುವವನಿಗೆ ಬೇಕಾದುದು ಅಳತೆಯ ಸತ್ಯ. ಉಳಿದುದೆಲ್ಲ ಆಭರಣ ಎಂಬುದು ನಮ್ಮ ಅಭಿಪ್ರಾಯ.

ಅದು ಗಟ್ಟಿಯಾದದ್ದು ಅಕ್ಟೋಬರಿನ ಒಂದು ಸೆಕೆಯ ಮುಂಜಾನೆ. ಮೌಂಟ್ ಮೇರಿಯ ಏರು ಹತ್ತುತ್ತಿದ್ದ ಹಿರಿಯ ಗೆಳೆಯರೊಬ್ಬರು ಏದುಸಿರು ಬಿಡುತ್ತಿದ್ದರೂ ನಿಲ್ಲಲಿಲ್ಲ. ನಾಡಿಬಡಿತ 132 ಎಂದು ಗಡಿಯಾರ ಹೇಳುತ್ತಿತ್ತಲ್ಲ! ಇಗರ್ಜಿಯ ಬಳಿ ತಲೆಸುತ್ತಿ ಕುಳಿತಾಗ ನಾವು ಅವರ ಕೊರಳಿಗೆ ಬೆರಳಿಟ್ಟು ಎಣಿಸಿದೆವು. 15 ಸೆಕೆಂಡಿಗೆ 43. ಎಂದರೆ ನಿಮಿಷಕ್ಕೆ 172.

ಮಣಿಕಟ್ಟಿನ ಗಡಿಯಾರ ಚರ್ಮದೊಳಗೆ ಹಸಿರು ಬೆಳಕು ಹಾಯಿಸಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳಿ ಬರುವ ಬೆಳಕಿನಿಂದ ಬಡಿತವನ್ನು ಊಹಿಸುತ್ತದೆ. ಪಟ್ಟಿ ಸಡಿಲವಾದರೆ, ಕೈ ಅಲುಗಿದರೆ, ಬಡಿತ ಥಟ್ಟನೆ ಏರಿದರೆ ಆ ಊಹೆ ತಪ್ಪಬಹುದು. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಚ್ಚು ನಂಬಲರ್ಹ. ಆದುದರಿಂದ ದುಬಾರಿ ಗಡಿಯಾರಕ್ಕಿಂತ ಸಾಧಾರಣ ಗಡಿಯಾರವೂ ಅದಕ್ಕೆ ಹೊಂದುವ ಎದೆಪಟ್ಟಿಯೂ ಮೇಲು ಎನ್ನುತ್ತೇವೆ.

ದೂರದ ಅಳತೆಯ ಕಥೆ ಬೇರೆ. ಕಾರ್ಟರ್ ರಸ್ತೆಯಲ್ಲಿ ಒಂದು ಬದಿ ಬಯಲು ಕಡಲು; ಅಗ್ಗದ ಗಡಿಯಾರವೂ ಅಲ್ಲಿ ಸಾಕಷ್ಟು ಸರಿಯಾಗಿಯೇ ಅಳೆಯುತ್ತದೆ. ಪಾಲಿ ಹಿಲ್‌ನ ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ಮಾತ್ರ, ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬಂದ ಸಂಕೇತ ಗೋಡೆಗೆ ಬಡಿದು ತಡವಾಗಿ ತಲುಪುತ್ತದೆ. ನಾವು ಓಡದ ಮನೆಗಳ ಮೇಲೂ ನಕ್ಷೆಯ ಗೆರೆ ಹಾಯುತ್ತದೆ. ಅಂಥ ಬೀದಿಗಳಲ್ಲಿ ಓಡುವವರು ಎಲ್1, ಎಲ್5 ಎಂಬ ಎರಡು ಆವರ್ತನಗಳನ್ನು ಹಿಡಿಯುವ ಗಡಿಯಾರಕ್ಕೆ ಹೆಚ್ಚು ಹಣ ತೆರುವುದು ನ್ಯಾಯವೇ. ಹಾಗೆಂದು ಮ್ಯಾರಥಾನ್ ಮುಗಿದಾಗ ಗಡಿಯಾರ 42.195ಕ್ಕಿಂತ ಹೆಚ್ಚು ತೋರಿಸಿತೆಂದು ಸಂಘಟಕರನ್ನು ದೂರುವುದು ಬೇಡ. (ನಮ್ಮಲ್ಲಿ ಪ್ರತಿವರ್ಷ ಒಬ್ಬರಾದರೂ ದೂರುತ್ತಾರೆ.) ಅಳತೆಗೊಳಪಟ್ಟ ಓಟದ ಹಾದಿಯನ್ನು ಸೈಕಲ್ಲಿನಿಂದ, ತಿರುವುಗಳ ಅತಿ ಹತ್ತಿರದ ಗೆರೆ ಹಿಡಿದು ಅಳೆದು, ಕಡಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸಿರುತ್ತಾರೆ. ಜನಜಂಗುಳಿಯಲ್ಲಿ ಆ ಗೆರೆಯ ಮೇಲೆಯೇ ಓಡಬಲ್ಲವರು ಯಾರು?

ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಸ್ಪರ್ಶಪರದೆ ಮಣಿಯದು, ಒತ್ತುವ ಗುಂಡಿಗಳಿರಲಿ. 1,646 ಮೀಟರ್ ಎತ್ತರದ ಕಳಸೂಬಾಯಿಯಂಥ ಬೆಟ್ಟಕ್ಕೆ ಹೋಗುವವರಿಗೆ ದಿನವಿಡೀ ಬಾಳುವ ಬ್ಯಾಟರಿಯೂ ಗಾಳಿಯೊತ್ತಡದಿಂದ ಎತ್ತರ ಅಳೆಯುವ ಸಾಧನವೂ ಬೇಕು. ನಿದ್ರೆಯ ಅಂಕ ಯಾರಿಗೂ ಬೇಡ.

ಆ ಹಿರಿಯ ಗೆಳೆಯರು ಈಗಲೂ ನಮ್ಮೊಡನೆ ಬರುತ್ತಾರೆ. ಗಡಿಯಾರ ಹಳೆಯದೇ, ಎದೆಪಟ್ಟಿ ಹೊಸದು. ಮೌಂಟ್ ಮೇರಿಯ ಏರಿನಲ್ಲಿ ಮಾತ್ರ ಅವರು ನಡೆಯುತ್ತಾರೆ, ಅವರೊಡನೆ ನಾವೂ.