ದೂರುವುದಷ್ಟೇ ನಮ್ಮ ಪಾಲೇ?

ಮಾಧ್ಯಮಗಳು ತಮ್ಮನ್ನು ವಿಕೃತವಾಗಿ ಚಿತ್ರಿಸುತ್ತಿವೆ ಎಂಬ ಮುಸ್ಲಿಮ್ ಸಮುದಾಯದ ಅಳಲು ಹೊಸದೂ ಅಲ್ಲ, ನಿರಾಧಾರವೂ ಅಲ್ಲ. 2020ರಲ್ಲಿ ಕೊರೋನಾದ ನೆಪದಲ್ಲಿ ತಬ್ಲೀಗ್ ಜಮಾಅತ್‌ನ ವಿರುದ್ಧ ನಡೆದ ಅಪಪ್ರಚಾರವನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವೇ ಅದೇ ವರ್ಷದ ಆಗಸ್ಟ್‌ನಲ್ಲಿ ಖಂಡಿಸಿತು. ಆದರೆ ಸುದ್ದಿಮನೆಯ ಒಳಗೆ ಕುಳಿತವರು ಯಾರು ಎಂಬ ಪ್ರಶ್ನೆಯನ್ನು ನಾವು ಅಷ್ಟೇ ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ. 2006ರಲ್ಲಿ ಅನಿಲ್ ಚಮಾಡಿಯಾ, ಜಿತೇಂದ್ರ ಕುಮಾರ್ ಮತ್ತು ಯೋಗೇಂದ್ರ ಯಾದವ್ ಅವರು ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಮಂದಿ ನಿರ್ಣಾಯಕ ಹುದ್ದೆಯವರ ಹಿನ್ನೆಲೆಯನ್ನು ಪರಿಶೀಲಿಸಿದರು. ಮುಸ್ಲಿಮರ ಪಾಲು ಸುಮಾರು ಶೇ. 3. ದಲಿತ, ಆದಿವಾಸಿಗಳಲ್ಲಿ ಒಬ್ಬರೂ ಇರಲಿಲ್ಲ.

ದೊಡ್ಡ ಪತ್ರಿಕೆ, ಚಾನೆಲ್‌ಗಳ ಬಾಗಿಲು ತೆರೆಯಲು ಕಾಲ ಬೇಕು. ನಮ್ಮ ಪಟ್ಟಣದಲ್ಲೇ ತೆರೆದಿರಬಹುದಾದ ಬಾಗಿಲೊಂದಿದೆ, ಸಮುದಾಯ ಬಾನುಲಿ. ಬಾನುಲಿ ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಮ್ ಕೋರ್ಟ್ 1995ರಲ್ಲಿ ಸಾರಿತು. 2006ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಕೇಂದ್ರ ಸ್ಥಾಪಿಸಲು ಅವಕಾಶ ನೀಡಿತು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯರ ಸಹಭಾಗಿತ್ವದಲ್ಲೇ ಸಿದ್ಧವಾಗಬೇಕೆಂಬುದು ನಿಯಮ. ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ ಎಂಬುದು ನಿಜವೇ. ಆದರೂ ಪಡಿತರ, ಹೆರಿಗೆ, ವಿದ್ಯಾರ್ಥಿವೇತನ, ಹಳ್ಳಿಯ ಹಾಡು, ಅಜ್ಜಿಯರ ಕಥೆ ಇವುಗಳಿಂದಲೇ ನೆರೆಹೊರೆಯವರು ಪರಸ್ಪರರನ್ನು ಅರಿಯುವುದು.

ಹರಿಯಾಣದ ಮೇವಾತ್ ಪ್ರದೇಶವನ್ನು, ಅಂದರೆ ಇಂದಿನ ನೂಹ್ ಜಿಲ್ಲೆಯನ್ನು ನೋಡಿ. ಮೇವ್ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಅಲ್ಲಿ 2010ರಲ್ಲಿ ರೇಡಿಯೋ ಮೇವಾತ್, 2012ರಲ್ಲಿ ಘಾಘಸ್ ಗ್ರಾಮದಿಂದ ಅಲ್ಫಾಝೆ ಮೇವಾತ್ ಆರಂಭವಾದವು. ಎರಡನ್ನೂ ಸ್ಥಾಪಿಸಿದ್ದು ಸ್ವಯಂಸೇವಾ ಸಂಸ್ಥೆಗಳೇ ಹೊರತು ಮುಸ್ಲಿಮ್ ಸಂಘಟನೆಗಳಲ್ಲ. ಆದರೂ ಅಲ್ಲಿ ಕೇಳಿಸಿದ್ದು ಮೇವಾತಿಗಳ ದನಿ. ನಮ್ಮ ಮಂಗಳೂರಿನ ಕಾಲೇಜೊಂದರ ಸಾರಂಗ್ ಕೇಂದ್ರದಲ್ಲಿ ತುಳು, ಕೊಂಕಣಿಗಳ ಜೊತೆ ಬ್ಯಾರಿ ಭಾಷೆಗೂ ಸ್ಥಾನ ದೊರೆತಿದೆ. ಮಾಲಕತ್ವ ನಮ್ಮದಲ್ಲ ಎಂಬ ಕಾರಣಕ್ಕೆ ದೂರ ನಿಲ್ಲಬೇಕಾಗಿಲ್ಲ.

ಹಾಗೆಂದು ಹೊಣೆಯೆಲ್ಲ ಸಮುದಾಯದ್ದೇ ಎಂದು ನಾವು ಹೇಳುತ್ತಿಲ್ಲ. ರಮಝಾನ್ ತಿಂಗಳಲ್ಲೊಮ್ಮೆ ಒಬ್ಬ ಮೌಲವಿಯನ್ನು ಕರೆಸಿ, ಬಿರಿಯಾನಿಯ ಪಾಕವಿಧಾನ ಹೇಳಿಸಿ ಅಲ್ಪಸಂಖ್ಯಾತರಿಗೆ ಪ್ರಾತಿನಿಧ್ಯ ಕೊಟ್ಟೆವೆಂದು ಭಾವಿಸುವ ಕೇಂದ್ರಗಳಿಗೆ ಅದು ಶೋಭೆಯಲ್ಲ. ಅತಿಥಿಯ ಕುರ್ಚಿ ಬೇರೆ, ನಿರ್ಣಯಿಸುವ ಕುರ್ಚಿ ಬೇರೆ. ಸಲಹಾ ಸಮಿತಿಯಲ್ಲಿ ಬೀಡಿ ಕಟ್ಟುವ ಮಹಿಳೆಯೂ, ಮೀನು ಮಾರುವವನೂ, ಗ್ಯಾರೇಜಿನ ಹುಡುಗನೂ ಇರಲಿ. 2024ರ ಪರಿಷ್ಕೃತ ನಿಯಮದಂತೆ ಈ ಸಮಿತಿಯ ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಾಗಿರಬೇಕು.

ಈ ಕೊನೆಯ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಮಗಳು ಪತ್ರಿಕೋದ್ಯಮ ಕಲಿಯುತ್ತೇನೆಂದರೆ ‘ಅದು ನಮ್ಮವರಿಗೆ ಹೇಳಿದ್ದಲ್ಲ’ ಎನ್ನುವ ಹೆತ್ತವರು ಇನ್ನೂ ಇದ್ದಾರೆ. ಹದೀಸ್‌ಗಳನ್ನು ಮುಂದಿನ ತಲೆಮಾರಿಗೆ ತಲುಪಿಸಿದವರಲ್ಲಿ ಹಝ್ರತ್ ಆಇಶಾರಂತಹ(ರ) ಮಹಿಳೆಯರಿದ್ದರು ಎಂಬುದನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರೂ ಇವರೇ! ಸುದ್ದಿ ಬಂದಾಗ ಪರಿಶೀಲಿಸಬೇಕೆಂದು ಆದೇಶಿಸುವ ಪವಿತ್ರ ಕುರ್‌ಆನಿನ ಅನುಯಾಯಿಗಳಿಗೆ ಸುದ್ದಿಯ ವೃತ್ತಿ ಪರಕೀಯವಾದುದು ಹೇಗೆ?

ಪ್ರತಿವರ್ಷ ಜಮಾಅತ್‌ಗಳು ವಿದ್ಯಾರ್ಥಿವೇತನ ನೀಡುತ್ತವೆ. ಅದರಲ್ಲಿ ಒಂದೆರಡನ್ನು ಪತ್ರಿಕೋದ್ಯಮ ಮತ್ತು ಧ್ವನಿಮುದ್ರಣದ ತರಬೇತಿಗೆ ಮೀಸಲಿಡುವುದಕ್ಕೆ ಹೊಸ ನಿಧಿಯೇನೂ ಬೇಕಾಗಿಲ್ಲ, ಮುಂದಿನ ಆಡಳಿತ ಸಮಿತಿ ಸಭೆಯಲ್ಲಿ ಒಂದು ನಿರ್ಣಯ ಸಾಕು.