ತಾರೀಖಿಗೂ ವಿಭಕ್ತಿ ಬೇಕು ಸ್ವಾಮಿ!

ಅಂಗಡಿ ಬೋರ್ಡಿನಲ್ಲಿ ಶೇಕಡಾ ೬೦ ಕನ್ನಡ ಇರಬೇಕೆಂದು ೨೦೨೪ರಲ್ಲಿ ಕಾನೂನಾಯಿತು. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ ನಿಂತಿರುವ ನಿಮ್ಮ ಕೈಯಲ್ಲಿ ಒಂದು ಮೊಬೈಲಿದೆಯಲ್ಲ, ಅದರೊಳಗಿನ ಕನ್ನಡವನ್ನು ಯಾರು ಅಳೆಯುತ್ತಾರೆ? ಅನುಮಾನವಿದ್ದವರು ಒಂದು ವಾರ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಬೇರೇನೂ ಬೇಡ, ಬರೀ ತಾರೀಖುಗಳನ್ನು ನೋಡುತ್ತಾ ಹೋಗಿ.

"ಜನವರಿ ನಲ್ಲಿ". "ಭಾನುವಾರ ರಂದು". "ಒಂದು ತಿಂಗಳು ಹಿಂದೆ". "ಆಗಸ್ಟ್ ೧೫, ೨೦೨೪ ರಂದು".

ನಿಮ್ಮ ಅಜ್ಜಿ ಎಂದಾದರೂ ಹೀಗೆ ಮಾತಾಡಿದ್ದು ಕೇಳಿದ್ದೀರಾ? ಮೂರು ವರ್ಷದ ಮಗು ಕೂಡ "ತಿಂಗಳ ಹಿಂದೆ" ಅನ್ನುತ್ತದೆ. ಕೋಟಿಗಟ್ಟಲೆ ಸುರಿದು ಮಾಡಿದ ತಂತ್ರಾಂಶಕ್ಕೆ ಮೂರು ವರ್ಷದ ಮಗುವಿನ ಕನ್ನಡವೂ ಬರುವುದಿಲ್ಲ.

ನಾನು ಚಾಮರಾಜಪೇಟೆಯಲ್ಲಿ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ, ವ್ಯಾಕರಣದ ಪಂಡಿತನಲ್ಲ. ಆದರೆ ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ ಅಚ್ಚು ಹಾಕುವವನಿಗೆ ತಾರೀಖೇ ಅನ್ನ. ಸೋದರಮಾವನ ಹೆಸರು ತಪ್ಪಿದರೆ ಬೈದು ಸುಮ್ಮನಾಗುತ್ತಾರೆ. ತಾರೀಖು ತಪ್ಪಿದರೆ ಐನೂರು ಕಾರ್ಡೂ ರದ್ದಿಗೆ. ಆದ್ದರಿಂದ ಪ್ರೂಫ್ ಬಂದ ಕೂಡಲೇ ನಮ್ಮ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ೨೦೨೪ರ ಶಂಕರ ಜಯಂತಿಗೆ ಆಹ್ವಾನ ಪತ್ರಿಕೆ ಮಾಡಬೇಕಾದರೆ ಹೀಗೆ ಬರುತ್ತದೆ: ಶ್ರೀ ಕ್ರೋಧಿನಾಮ ಸಂವತ್ಸರದ ವೈಶಾಖ ಶುದ್ಧ ಪಂಚಮಿ, ತಾ. ೧೨-೫-೨೦೨೪ನೇ ಭಾನುವಾರದಂದು. ಇದರಲ್ಲಿ "ದ", "ನೇ", "ಅಂದು" ಎಂಬ ಮೂರು ಸಣ್ಣ ತುಂಡುಗಳಿವೆ. ಅವನ್ನು ಕಿತ್ತುಹಾಕಿ, ಉಳಿಯುವುದು ಪಂಚಾಂಗದ ಪಟ್ಟಿ ಮಾತ್ರ. ಹಳೆಯ ಶಾಸನಗಳನ್ನು ನೋಡಿ. ಶಕವರ್ಷಕ್ಕೆ "ನೆಯ", ಸಂವತ್ಸರಕ್ಕೆ "ದ", ಕೊನೆಗೆ ವಾರಕ್ಕೆ "ದಂದು". ಕಲ್ಲು ಕಡಿಯುತ್ತಿದ್ದವನಿಗೆ ಗೊತ್ತಿದ್ದ ಪಾಠ ಇದು.

ಹಾಗಾದರೆ ಕಂಪ್ಯೂಟರಿನಲ್ಲಿ ಯಾಕೆ ಕೆಡುತ್ತದೆ? ಪ್ರೆಸ್ಸಿನವರ ಭಾಷೆಯಲ್ಲೇ ಹೇಳುತ್ತೇನೆ. ರಸೀದಿ ಪುಸ್ತಕದಲ್ಲಿ ವಾಕ್ಯವನ್ನು ಮೊದಲೇ ಅಚ್ಚು ಹಾಕಿ, ತಾರೀಖಿಗೆ ಜಾಗ ಖಾಲಿ ಬಿಡುತ್ತೇವಲ್ಲ, ತಂತ್ರಾಂಶದವರು ಮಾಡುವುದೂ ಅದನ್ನೇ. ವಾಕ್ಯದಲ್ಲಿ ಒಂದು ಖಾಲಿ ಜಾಗ, ಅದರ ಮುಂದೆ "ನಲ್ಲಿ". ತಿಂಗಳ ಹೆಸರು ಬೇರೆ ಪಟ್ಟಿಯಿಂದ ಬಂದು ಆ ಜಾಗದಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ, ಅಲ್ಲಿ "ಇನ್" ಎಂಬುದು ಬೇರೆ ಪದ. ಹಿಂದಿಯಲ್ಲೂ ನಡೆಯುತ್ತದೆ, ಅಲ್ಲಿ "ಮೇಂ" ಬೇರೆಯಾಗಿಯೇ ನಿಲ್ಲುತ್ತದೆ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟುತ್ತದೆ, ಅಂಟುವಾಗ ಹೆಸರಿನ ಬಾಲ ನೋಡಿಕೊಂಡು ಅಂಟುತ್ತದೆ. ಜನವರಿಗೆ "ಯಲ್ಲಿ", ಡಿಸೆಂಬರಿಗೆ "ಇನಲ್ಲಿ", ಚೈತ್ರಕ್ಕೆ "ದಲ್ಲಿ". ಮೂರಕ್ಕೂ ಒಂದೇ "ನಲ್ಲಿ" ಮೊಳೆ ಹೊಡೆದರೆ ಎರಡು ಕಡೆ ಮರ ಸೀಳುತ್ತದೆ.

ಜಾಗ ಬಿಡದೆ ಅಂಟಿಸಿದರೆ ಇನ್ನೊಂದು ಅವಾಂತರ. ನಮ್ಮ ಅಪ್ಪನ ಕಾಲದ ಕಂಪೋಸಿಟರುಗಳು "ಸೆಪ್ಟೆಂಬರು", "ಡಿಸೆಂಬರು" ಎಂದು ಉಕಾರ ಕೊಟ್ಟು ಮೊಳೆ ಜೋಡಿಸುತ್ತಿದ್ದರು. ಕನ್ನಡದ ನಾಲಿಗೆಗೆ ಪದ ಸ್ವರದಲ್ಲಿ ಮುಗಿಯಬೇಕು. ಆಗ "ಡಿಸೆಂಬರಿನಲ್ಲಿ" ತಾನಾಗಿಯೇ ಬರುತ್ತಿತ್ತು. ಈಗಿನ ಪಟ್ಟಿಯಲ್ಲಿ "ನವೆಂಬರ್" ಎಂದು ಅರ್ಧಾಕ್ಷರಕ್ಕೆ ನಿಲ್ಲಿಸಿದ್ದಾರೆ. ಅದಕ್ಕೆ ನಡುವೆ ಏನನ್ನೂ ಇಡದೆ "ನಲ್ಲಿ" ಸೇರಿಸಿದರೆ "ನವೆಂಬರ್ನಲ್ಲಿ" ಎಂದು ಅರ್ಕಾವತ್ತು ಮೂಡುತ್ತದೆ, "ಮಾರ್ಚ್ನಲ್ಲಿ" ಎಂದು ಚಕಾರದ ಕಾಲಿಗೆ ನಕಾರ ಜೋತುಬೀಳುತ್ತದೆ. ಇಂಥ ಪ್ರೂಫನ್ನು ನಮ್ಮ ಪ್ರೆಸ್ಸಿನ ಹುಡುಗ ತಂದರೆ ವಾಪಸ್ ಕಳಿಸುತ್ತೇವೆ. ದೊಡ್ಡ ಕಂಪನಿಯವರು ತಂದರೆ ತಲೆಬಾಗಿ ಒಪ್ಪಿಕೊಳ್ಳುತ್ತೇವೆ!

ಇನ್ನು ಅನುಕ್ರಮ. "ಆಗಸ್ಟ್ ೧೫, ೨೦೨೪" ಎಂಬುದು ಅಮೆರಿಕದವರ ವರಸೆ. ನಮ್ಮದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ವರಸೆ: ೨೦೨೪ರ ಆಗಸ್ಟ್ ೧೫ರಂದು. ಅಮೆರಿಕದ ವರಸೆಗೆ ಕನ್ನಡದ "ರಂದು" ಅಂಟಿಸಿದರೆ ಅದು ಇಸವಿಯ ಬಾಲಕ್ಕೆ ಹೋಗಿ ಕೂರುತ್ತದೆ. "ಅಂದು" ಎಂದರೆ ಆ ದಿನ. ಇಸವಿಗೆಂಥಾ ಅಂದು? (೧೫-೮-೨೦೨೪ರಂದು ಎಂದು ಗೆರೆ ಹಾಕಿ ಬರೆಯುವುದು ಬೇರೆ ಮಾತು, ಅಲ್ಲಿ ಇಡೀ ಅಂಕಿಯೇ ಒಂದು ತಾರೀಖು.) ಅಂಕಿಯ ಮುಂದಿನ ಆ "ರ" ಕೂಡ ಸುಮ್ಮನೆ ಬಂದದ್ದಲ್ಲ. ನಾಲ್ಕು ಎಂಬುದು ನಾಲ್ಕರಲ್ಲಿ ಆಗುತ್ತದೆ, ಅದಕ್ಕೇ ೨೦೨೪ರಲ್ಲಿ. ಆದರೆ ಸಾವಿರ ಎಂಬುದು ಸಾವಿರದಲ್ಲಿ ಆಗುವುದರಿಂದ, ಬಾಯಲ್ಲಿ ಓದಿ ನೋಡಿದರೆ ೨೦೦೦ದಲ್ಲಿ ಎಂಬುದೇ ಸರಿ. ಇಷ್ಟು ನಾಜೂಕಿನ ಭಾಷೆಗೆ ಒಂದೇ ಅಳತೆಯ ಅಂಗಿ ಹೊಲಿದಿದ್ದಾರೆ.

ಸಂಕ್ಷೇಪಗಳ ಕಥೆಯಂತೂ ನಗೆಪಾಟಲು. ಇಂಗ್ಲಿಷಿನ ಮೂರಕ್ಷರದ ನಕಲು ಮಾಡಲು ಹೋಗಿ ಜನವರಿಯನ್ನು "ಜನ" ಮಾಡಿದ್ದಾರೆ, ಆಗಸ್ಟನ್ನು "ಆಗ" ಮಾಡಿದ್ದಾರೆ. "ಆಗ ೧೫" ಅಂತೆ. ಆಗ ಹದಿನೈದು, ಈಗೆಷ್ಟು?

"ಇಷ್ಟಕ್ಕೆಲ್ಲ ಯಾಕೆ ಸಾರ್ ತಲೆಕೆಡಿಸಿಕೊಳ್ತೀರಾ, ಅರ್ಥ ಆಗುತ್ತಲ್ಲ" ಅನ್ನುವವರಿದ್ದಾರೆ. ಅರ್ಥ ಆಗುವುದಿಲ್ಲ, ಅದೇ ತೊಂದರೆ. "೩೧ರೊಳಗೆ", "೩೧ರವರೆಗೆ", "೩೧ರಿಂದ", ಈ ಮೂರರ ನಡುವೆ ಇರುವುದು ದುಡ್ಡು. ನಮ್ಮ ಬೀದಿಯಲ್ಲಿ ಹೂವು ಮಾರುವ ಅಮ್ಮನವರಿಗೆ ಒಂದು ಬ್ಯಾಂಕಿನಿಂದ ಸಂದೇಶ ಬಂತು: "ಮಾರ್ಚ್ ೩೧ ರ ಮೂಲಕ ಪಾವತಿಸಿ". ಮೂಲಕ ಅಂದರೆ ಯಾರ ಮೂಲಕ ಎಂದು ನನ್ನ ಹತ್ತಿರ ಕೇಳಲು ಬಂದರು. ಇಂಗ್ಲಿಷಿನ "ಬೈ" ಎಂಬುದನ್ನು ಯಂತ್ರ ಮೂಲಕ ಮಾಡಿತ್ತು. ೩೧ರೊಳಗೆ ಕಟ್ಟಬೇಕಮ್ಮ ಎಂದು ಹೇಳಲು ಪಕ್ಕದಲ್ಲಿ ಪ್ರೆಸ್ಸಿನವನಿದ್ದ. ಇಲ್ಲದಿದ್ದರೆ ದಂಡ ಕಟ್ಟುವವರು ಅವರೇ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಲ್ಲೇಶ್ವರದಿಂದ, ಬಸವನಗುಡಿಯಿಂದ ಮದುವೆ ಕಾರ್ಡ್ ಮಾಡಿಸಲು ಬರುವ ಹುಡುಗರು, ಒಳ್ಳೆಯ ಮನೆತನದ ಕನ್ನಡದ ಹುಡುಗರೇ, ಈಗ ಹೇಳುವ ಮಾತು: "ಡೇಟ್ ಇಂಗ್ಲಿಷಲ್ಲೇ ಹಾಕಿಬಿಡಿ ಸಾರ್, ಕನ್ನಡದಲ್ಲಿ ಏನೋ ಸರಿ ಕಾಣಲ್ಲ." ಯಾಕೆ ಸರಿ ಕಾಣುವುದಿಲ್ಲ? ದಿನವಿಡೀ ಮೊಬೈಲಿನಲ್ಲಿ ಕೆಟ್ಟ ಕನ್ನಡ ನೋಡಿದ ಕಣ್ಣು, ಕೆಟ್ಟದ್ದು ಕನ್ನಡವೇ ಎಂದು ತೀರ್ಮಾನಿಸಿಬಿಟ್ಟಿದೆ. ಯಂತ್ರದ ತಪ್ಪಿಗೆ ಭಾಷೆಗೆ ಶಿಕ್ಷೆ.

ಬೇರೆ ದೇಶದವರು ಇದನ್ನು ಸಹಿಸಲಿಲ್ಲ. ರಷ್ಯನ್ ಭಾಷೆಯಲ್ಲಿ ಜನವರಿಗೆ "ಯನ್ವಾರ್". ತಾರೀಖಿನ ಜೊತೆ ಬಂದರೆ ಅದು "ಯನ್ವರ್ಯಾ", ಅಂದರೆ ಜನವರಿಯ. ಎರಡು ರೂಪಕ್ಕೂ ಜಾಗ ಬೇಕೆಂಬ ಕೂಗಿತ್ತು. ಲಿನಕ್ಸ್ ಗಣಕಗಳ ಬುಡದಲ್ಲಿರುವ ಗ್ಲಿಬ್‌ಸಿ ಎಂಬ ತಂತ್ರಾಂಶದ ೨.೨೭ನೇ ಆವೃತ್ತಿ ೨೦೧೮ರ ಫೆಬ್ರವರಿಯಲ್ಲಿ ಬಂದಾಗ, ರಷ್ಯನ್, ಪೋಲಿಷ್, ಉಕ್ರೇನಿಯನ್ ಮುಂತಾದ ಭಾಷೆಗಳಿಗೆ ತಿಂಗಳಿನ ಎರಡೆರಡು ರೂಪ ಸಿಕ್ಕಿತು. ನಮ್ಮ ಹಾಗೆಯೇ ಪ್ರತ್ಯಯ ಅಂಟಿಸುವ ಭಾಷೆ ಫಿನ್ನಿಷ್. ಅಲ್ಲಿ ಜನವರಿ "ತಮ್ಮಿಕೂ", ತಾರೀಖಿನ ಜೊತೆ "ತಮ್ಮಿಕೂತ", ಜನವರಿಯಲ್ಲಿ ಎನ್ನಲು "ತಮ್ಮಿಕೂಸ್ಸ". ಫಿನ್‌ಲೆಂಡಿನ ಜನಸಂಖ್ಯೆ ಸುಮಾರು ೫೫ ಲಕ್ಷ. ೨೦೧೧ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ. ತಲೆ ಎಣಿಕೆಯಲ್ಲಿ ನಾವು ಬಡವರಲ್ಲ. ಕೇಳುವುದರಲ್ಲಿ ಬಡವರು.

ಎಲ್ಲ ಭಾಷೆಗಳ ತಿಂಗಳು, ವಾರ, ತಾರೀಖಿನ ಪಟ್ಟಿ ೨೦೦೪ರಿಂದ ಯೂನಿಕೋಡ್ ಒಕ್ಕೂಟದ ಕೈಯಲ್ಲಿದೆ; ಸಿಎಲ್‌ಡಿಆರ್ ಎಂದು ಹೆಸರು. ಆಂಡ್ರಾಯ್ಡ್, ಐಫೋನ್ ಎಲ್ಲವೂ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಅದರಲ್ಲಿ ತಿಂಗಳಿಗೆ ಎರಡು ಕಾಲಂ: ವಾಕ್ಯದೊಳಗೆ ಬರುವ ರೂಪ, ಒಂಟಿಯಾಗಿ ನಿಲ್ಲುವ ರೂಪ. ರಷ್ಯನ್ನರು ಎರಡನ್ನೂ ಬೇರೆ ಬೇರೆ ತುಂಬಿದ್ದಾರೆ. ಕನ್ನಡದಲ್ಲಿ ತಿಂಗಳ ಪೂರ್ತಿ ಹೆಸರು ಎರಡು ಕಡೆಯೂ ಒಂದೇ. ಹಾಗಿದ್ದರೆ ತಪ್ಪೂ ಅಲ್ಲ ಅನ್ನಿ, ಏಕೆಂದರೆ ಕನ್ನಡಕ್ಕೆ ಎರಡು ಕಾಲಂ ಸಾಲುವುದೇ ಇಲ್ಲ. ನಮಗೆ ಕನಿಷ್ಠ ನಾಲ್ಕು ಬೇಕು: ಮಾರ್ಚ್, ಮಾರ್ಚಿನ, ಮಾರ್ಚಿನಲ್ಲಿ, ಮಾರ್ಚಿನಿಂದ. ಹನ್ನೆರಡು ತಿಂಗಳಿಗೆ ನಾಲ್ಕರಂತೆ ೪೮ ಪದ. ಎಂಟನೇ ಕ್ಲಾಸಿನ ಮಗು ಅರ್ಧ ಗಂಟೆಯಲ್ಲಿ ಬರೆದುಕೊಡುತ್ತದೆ.

ಅದು ಆಗುವವರೆಗೆ ಪ್ರೆಸ್ಸಿನವರ ಹಳೆಯ ಉಪಾಯ ಒಂದಿದೆ. ಖಾಲಿ ಜಾಗ ಬಿಟ್ಟು ಫಾರಂ ಅಚ್ಚು ಹಾಕುವಾಗ ನಾವು ಪ್ರತ್ಯಯವನ್ನು ಖಾಲಿ ಜಾಗಕ್ಕೆ ಅಂಟಿಸುವುದಿಲ್ಲ. ಪ್ರತ್ಯಯ ಹೊರಲು ಒಂದು ಕನ್ನಡದ ಪದವನ್ನು ಮುಂದೆ ನಿಲ್ಲಿಸುತ್ತೇವೆ: "........ ತಿಂಗಳಲ್ಲಿ", "........ನೇ ತಾರೀಖಿನೊಳಗೆ". ಖಾಲಿ ಜಾಗದಲ್ಲಿ ಜನವರಿ ಬರಲಿ, ಜೂನ್ ಬರಲಿ, ಚೈತ್ರವೇ ಬರಲಿ, ವಾಕ್ಯ ಕೆಡುವುದಿಲ್ಲ. "ಒಂದು ತಿಂಗಳ ಹಿಂದೆ" ಎಂಬುದನ್ನಂತೂ ಇಡಿಯಾಗಿ ಬರೆದುಕೊಟ್ಟರೆ ಮುಗಿಯಿತು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾನೂನು ಬೇಡ.

ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಕೂತಿರುವ ಕನ್ನಡದ ಗೆಳೆಯರೇ, ಆ ಖಾಲಿ ಜಾಗಗಳನ್ನು ಬಿಡುತ್ತಿರುವವರು ನೀವು, ನಿಮ್ಮ ಪಕ್ಕದ ಕುರ್ಚಿಯವರು. ಕನ್ನಡ ವಾಕ್ಯ ಪರೀಕ್ಷಿಸುವಾಗ ಜನವರಿ, ಮಾರ್ಚ್, ಡಿಸೆಂಬರ್ ಮೂರನ್ನೂ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ. ಕಿವಿಗೆ ಒರಟಾದರೆ ತಿದ್ದಿಸಿ. ಯೂನಿಕೋಡಿನವರ ಪಟ್ಟಿಗೆ ಭಾಷೆ ಬಲ್ಲವರು ಸೇರಿಕೊಂಡು ಸಲಹೆ ಕೊಡಬಹುದು, ಮತ ಹಾಕಬಹುದು. ಅಲ್ಲಿ ಕನ್ನಡದ "ಆಗ"ವನ್ನು ತಿದ್ದಲು ಬೇಕಾಗಿರುವುದು ಭಾಷೆ ಬಲ್ಲವರ ಮತ, ನಾಲ್ಕು ದಿನದ ಧರಣಿ ಬೇಕಿಲ್ಲ.

ಜುಲೈಗೆ "ಜುಲೈಯಲ್ಲಿ" ಸರಿಯೋ "ಜುಲೈನಲ್ಲಿ" ಸರಿಯೋ ಎಂದು ಜಗಳ ಬಂದೇ ಬರುತ್ತದೆ. ಬರಲಿ. ನನ್ನ ಮತ "ಜುಲೈಯಲ್ಲಿ".