ಗುಡುಗಿನ ಮುನ್ಸೂಚನೆಯಲ್ಲಿ ಬೆಂಕಿಯ ಮಾತೂ ಇರಲಿ



ಬೀದರ್ ಜಿಲ್ಲೆಯಲ್ಲಿ ಬೇಸಿಗೆಯ ಗುಡುಗು ಮಳೆ ಮಾರ್ಚ್‌ ಹೊತ್ತಿಗೆ ಶುರುವಾಗಿ ರೋಹಿಣಿ ಮಳೆಯವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಹುಲ್ಲುಗಾವಲು, ಕುರುಚಲು ಕಾಡು, ಕಣಕಿ ಬಣವಿಗಳಿಗೆ ಬೆಂಕಿ ಬೀಳುವ ಕಾಲವೂ ಅದೇ. ಆಡಳಿತದಲ್ಲಿ ಮಾತ್ರ ಇವು ಬೇರೆ ಬೇರೆ ಬಾಬತ್ತು: ಸಿಡಿಲು ಕಂದಾಯ ಇಲಾಖೆಗೆ, ಕಾಡಿನ ಬೆಂಕಿ ಅರಣ್ಯ ಇಲಾಖೆಗೆ, ಹೊಲದ ಬೆಂಕಿ ಅಗ್ನಿಶಾಮಕ ಠಾಣೆಗೆ. ಹವಾಮಾನ ಇಲಾಖೆಯ ಹಳದಿ ಅಥವಾ ಕಿತ್ತಳೆ ಎಚ್ಚರಿಕೆ ಹೊರಬಿದ್ದ ದಿನ ಅದರಲ್ಲಿ ಮಳೆ, ಮಿಂಚು, ಗಾಳಿಯ ವೇಗ ಎಲ್ಲ ಇರುತ್ತವೆ. ಬೆಂಕಿಯ ಸುದ್ದಿ ಇರುವುದಿಲ್ಲ. ಮಳೆ ಬರುವ ದಿನ ಬೆಂಕಿಯ ಭಯವೇಕೆ ಎಂಬ ಎಣಿಕೆ ಇದರ ಹಿಂದಿದೆ. ಆ ಎಣಿಕೆ ತಪ್ಪು.

ಬೀದರ್ ನಗರ ಸಮುದ್ರಮಟ್ಟದಿಂದ 650 ಮೀಟರಿಗೂ ಎತ್ತರದ ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿಂದ ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಕಾರಂಜಾ ಮತ್ತು ಮಾಂಜ್ರಾ ಬಯಲಿನ ಕಪ್ಪು ಎರೆಭೂಮಿ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಮುಗಿಯುವುದರಿಂದ ಹೊನ್ನಿಕೇರಿ, ಶಹಾಪುರದ ಮೀಸಲು ಅರಣ್ಯಗಳಲ್ಲಿ ಮಾರ್ಚ್ ಹೊತ್ತಿಗೆ ಮುತ್ತುಗ, ಸೀತಾಫಲದ ಎಲೆ ಉದುರಿ, ಅಡಿಯ ಹುಲ್ಲು ಮುಟ್ಟಿದರೆ ಮುರಿಯುವಷ್ಟು ಒಣಗಿರುತ್ತದೆ. ಹೊಲಗಳಲ್ಲಿ ಕಡಲೆ, ಹಿಂಗಾರಿ ಜೋಳದ ರಾಶಿ ಮುಗಿದು ತೊಗರಿ ಕಟ್ಟಿಗೆ, ಸೋಯಾ ಹೊಟ್ಟು, ಕಬ್ಬಿನ ರವದಿ ಉಳಿದಿರುತ್ತವೆ. ಮುಂಗಾರಿಗೆ ಹೊಲ ಹಸನು ಮಾಡುವ ಆತುರದಲ್ಲಿ ರವದಿಗೂ ಬದುವಿಗೂ ಕಡ್ಡಿ ಗೀರುವುದು ಇದೇ ವಾರಗಳಲ್ಲಿ.

ಈ ಕಾಲದ ಗುಡುಗು ಮೋಡಕ್ಕೆ ಒಂದು ವಿಶೇಷ ಗುಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನವರೆಗೆ ಆಗಾಗ ಕಡಿಮೆ ಒತ್ತಡದ ಒಂದು ಪಟ್ಟಿ ಚಾಚಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯ ತೇವದ ಗಾಳಿ ಮತ್ತು ವಾಯವ್ಯದ ಒಣಗಾಳಿ ಅಲ್ಲಿ ಸಂಧಿಸುತ್ತವೆ; ಮಧ್ಯಾಹ್ನದ ಕಾವು ಆ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಇರುವ ಅಂತರದ ಪ್ರತಿ ಡಿಗ್ರಿಗೆ ಮೋಡದ ತಳ ಸುಮಾರು 125 ಮೀಟರ್ ಮೇಲೇರುತ್ತದೆ. ಅಂದರೆ ಉಷ್ಣಾಂಶ 40 ಡಿಗ್ರಿ, ಇಬ್ಬನಿ ಬಿಂದು 16 ಡಿಗ್ರಿ ಇದ್ದ ದಿನ ಮೋಡದ ತಳ ನೆಲದಿಂದ 3,000 ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ದೂರ ಬಿಸಿ ಒಣಗಾಳಿಯಲ್ಲಿ ಬೀಳುವ ಹನಿಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಆವಿಯಾಗುತ್ತವೆ. ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ ನೆಲಕ್ಕೆ ಕುಸಿದು, ನಾಲ್ಕೂ ದಿಕ್ಕಿಗೆ ರಭಸದಿಂದ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿ ತಗಡು ಹಾರಿಸುವ ಬಿರುಗಾಳಿ ಇದೇ. ಕೆಲವೊಮ್ಮೆ ಗಾಳಿಯಷ್ಟೇ ಬಂದು ಮಳೆ ನಾಲ್ಕು ಹನಿಗೆ ಮುಗಿಯುತ್ತದೆ.

ಬೆಂಕಿಗೆ ಬೇಕಾದದ್ದು ಈ ಗಾಳಿಯೇ. ಬೆಳಿಗ್ಗೆ ಹತ್ತಕ್ಕೆ ಬದುವಿಗೆ ಹಚ್ಚಿದ ಬೆಂಕಿ ಮಧ್ಯಾಹ್ನದ ಹೊತ್ತಿಗೆ ಆರಿದಂತೆ ಕಾಣುತ್ತದೆ, ಹಚ್ಚಿದವರು ಮನೆಗೆ ಹೋಗಿರುತ್ತಾರೆ. ಬೂದಿಯ ಅಡಿಯಲ್ಲಿ ತೊಗರಿ ಬೊಡ್ಡೆ ಮಾತ್ರ ಇನ್ನೂ ಕೆಂಡವಾಗಿಯೇ ಇರುತ್ತದೆ. ನಾಲ್ಕು ಗಂಟೆಯ ಸುಮಾರಿಗೆ ಗಾಳಿ ಒಮ್ಮೆಲೇ ದಿಕ್ಕು ಬದಲಿಸಿದಾಗ ಬೂದಿ ಹಾರಿ, ಕಿಡಿ ಬದು ದಾಟಿ, ಪಕ್ಕದವರ ಬಣವಿಗೋ ಅರಣ್ಯದ ಅಂಚಿನ ಹುಲ್ಲಿಗೋ ಬೀಳುತ್ತದೆ. ಅದಾಗಲೇ ಉರಿಯುತ್ತಿರುವ ಬೆಂಕಿಯಾದರೆ ಅಪಾಯ ಇನ್ನೂ ದೊಡ್ಡದು: ಸೋಲಾಪುರ ದಿಕ್ಕಿನ ಗಾಳಿಗೆ ಉದ್ದಕ್ಕೆ ಸಾಗಿದ್ದ ಬೆಂಕಿಯ ಪಕ್ಕದ ಸಾಲು ಪೂರ್ತಿ, ದಿಕ್ಕು ಬದಲಾದೊಡನೆ ಅದರ ಮುಂಚೂಣಿಯಾಗುತ್ತದೆ. ಸೊಪ್ಪು ಹಿಡಿದು ಬೆಂಕಿ ಬಡಿಯುತ್ತ ಪಕ್ಕದಲ್ಲಿ ನಿಂತವರು ಆಗ ನೇರ ಅದರ ಎದುರಿಗೆ ಬೀಳುತ್ತಾರೆ.

ಹಾಗಾದರೆ ಸಿಡಿಲೇ ಬೆಂಕಿ ಹಚ್ಚುವುದಿಲ್ಲವೇ? ಹಚ್ಚುತ್ತದೆ, ಆದರೆ ಇಲ್ಲಿ ಅದು ಅಪರೂಪ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಳೆಯಿಲ್ಲದ ಸಿಡಿಲಿನಿಂದಲೇ ಕೆಲವೇ ದಿನಗಳಲ್ಲಿ ನೂರಾರು ಕಡೆ ಬೆಂಕಿ ಹೊತ್ತಿತ್ತು. ಭಾರತದಲ್ಲಿ ಕಾಡಿನ ಬೆಂಕಿಗಳಲ್ಲಿ ಬಹುತೇಕ ಮನುಷ್ಯರ ಕೈಯಿಂದಲೇ ಆದವು; 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದೂ ಹಾಗೆಯೇ. ಆದರೂ ಸಿಡಿಲಿನ ಹೆಸರು ಹೇಳುವ ಮೋಹಕ್ಕೆ ಒಂದು ಕಾರಣವಿದೆ. ಫಸಲ್ ಬಿಮಾ ಯೋಜನೆಯ ಸ್ಥಳೀಯ ವಿಪತ್ತುಗಳ ಪಟ್ಟಿಯಲ್ಲಿ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟದ ಜೊತೆಗೆ ಸಿಡಿಲಿನಿಂದ ಹೊತ್ತಿದ ಬೆಂಕಿಯೂ ಇದೆ. ಪಕ್ಕದ ಹೊಲದಿಂದ ಹಾರಿಬಂದ ಕಿಡಿ ಇಲ್ಲ. ಹಾನಿಗೊಳಗಾದ ರೈತ, ವಿಮೆಗೆ ಸುದ್ದಿ ಕೊಡಬೇಕಾದ 72 ಗಂಟೆಯೊಳಗೆ ಕಾರಣ ಏನೆಂದು ಬರೆಸಬೇಕು ಎಂದು ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ನಿಯಮ ಹೀಗಿರುವಷ್ಟು ದಿನ ಬೆಂಕಿಯ ನಿಜವಾದ ಕಾರಣ ಕಾಗದದ ಮೇಲೆ ಬರುವುದು ಕಷ್ಟ.

ಸಿಡಿಲಿನ ನಿಜವಾದ ಹಾನಿ ಜೀವಕ್ಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಬಲಿಯಾದರು. ನೇರವಾಗಿ ಬಡಿಯುವುದಷ್ಟೇ ಅಪಾಯವಲ್ಲ. ಒಣಗಿದ ನೆಲದಲ್ಲಿ ವಿದ್ಯುತ್ ಆಳಕ್ಕೆ ಸುಲಭವಾಗಿ ಇಳಿಯದೆ ಮೇಲ್ಪದರದಲ್ಲೇ ಹರಡುತ್ತದೆ. ಮುಂಗಾಲು ಹಿಂಗಾಲಿನ ನಡುವೆ ಅಂತರ ಹೆಚ್ಚಿರುವ ಎತ್ತು, ಎಮ್ಮೆಗಳ ದೇಹದ ಮೂಲಕ ಅದು ಹಾಯುವುದರಿಂದ, ಬೇವಿನ ಮರಕ್ಕೆ ಕಟ್ಟಿದ ಜೋಡಿ ಎತ್ತು ಒಟ್ಟಿಗೇ ಸಾಯುತ್ತವೆ. ವಿಪತ್ತು ಪರಿಹಾರ ನಿಧಿಯ 2022–26ರ ದರದಂತೆ ಒಂದು ಎತ್ತಿಗೆ ಗೊತ್ತುಪಡಿಸಿದ್ದು 32,000 ರೂಪಾಯಿ. ಆ ದುಡ್ಡಿಗೆ ಸಂತೆಯಲ್ಲಿ ಎಂಥ ಎತ್ತು ಸಿಕ್ಕೀತು ಎಂಬುದನ್ನು ರೈತರಿಗೆ ಹೇಳಬೇಕಿಲ್ಲ. ಇನ್ನು ಸಿಡಿಲು, ಬೆಂಕಿ ಎರಡೂ ಕೂಡಿದರೆ ಏನಾಗುತ್ತದೆ ಎನ್ನುವುದಕ್ಕೆ ಬೀದರ್ ನಗರದ ನಡುವೆಯೇ ಸಾಕ್ಷಿ ನಿಂತಿದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ 17ನೇ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗ ಕಳೆದುಕೊಂಡಿತು. ಮದ್ದಿಗೆ ಕಿಡಿ ತಾಗಿದ್ದು ಸಿಡಿಲಿನಿಂದ ಎಂದು ಹೇಳುವವರಿದ್ದಾರೆ.

ಎಚ್ಚರಿಸುವ ಸಾಧನಗಳಿಗೆ ಈಗ ಕೊರತೆಯಿಲ್ಲ. ಹೈದರಾಬಾದಿನ ಡಾಪ್ಲರ್ ರೇಡಾರಿನ ವ್ಯಾಪ್ತಿಯಲ್ಲಿ ಬೀದರ್ ಬರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ತೇವಾಂಶ, ಗಾಳಿ ಅಳೆಯುತ್ತದೆ. ಬೆಂಕಿಯ ಅಪಾಯ ಲೆಕ್ಕ ಹಾಕಲು ಮುಖ್ಯವಾಗಿ ಬೇಕಾದದ್ದೂ ಇವೇ ಮೂರು. ಇಷ್ಟಿದ್ದೂ ಜನರಿಗೆ ಸಿಗುವುದು 5,448 ಚದರ ಕಿಲೊಮೀಟರ್ ವಿಸ್ತಾರದ ಇಡೀ ಜಿಲ್ಲೆಗೆ ಒಂದೇ ಬಣ್ಣ. ಗುಡುಗು ಮೋಡವೋ ಹತ್ತಾರು ಕಿಲೊಮೀಟರ್ ಅಗಲದ್ದು. ನಾಲ್ಕು ಸಲ ಬಣ್ಣ ಬಂದು ಮಳೆ ಬಾರದಿದ್ದರೆ ಐದನೆಯ ಸಲ ಸಂತಪುರದಲ್ಲಾಗಲಿ ಚಿಂತಾಕಿಯಲ್ಲಾಗಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಅರಣ್ಯ ಇಲಾಖೆ ನೆಚ್ಚಿರುವ ಉಪಗ್ರಹ ಸಂದೇಶಕ್ಕೂ ಮಿತಿಯಿದೆ. ಬೆಂಕಿಯನ್ನು ಸೂಕ್ಷ್ಮವಾಗಿ ಗುರುತಿಸುವ ವಿಐಐಆರ್‌ಎಸ್ ಉಪಕರಣ ಹೊತ್ತ ಉಪಗ್ರಹಗಳು ಇಲ್ಲಿ ಹಾದುಹೋಗುವುದು ಮಧ್ಯಾಹ್ನ ಮತ್ತು ರಾತ್ರಿ ಸುಮಾರು ಒಂದೂವರೆಗೆ. ಬಿರುಗಾಳಿ ಏಳುವುದು ಇವೆರಡರ ನಡುವೆ, ಸಂಜೆ. ಆ ಹೊತ್ತಿನ ಬೆಂಕಿಯನ್ನು ಮೊದಲು ಕಾಣುವವರು ಕುರಿ ಕಾಯುವವರು. ಅವರ ಕೈಯಲ್ಲಿ ಅರಣ್ಯ ವೀಕ್ಷಕರ ಫೋನ್ ನಂಬರ್ ಇರಬೇಕು.

ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ಗುಡುಗಿನ ಎಚ್ಚರಿಕೆ ಇದ್ದ ದಿನ ರವದಿ, ಬದು ಸುಡುವುದನ್ನು ಜಿಲ್ಲಾಡಳಿತ ಆದೇಶ ಹೊರಡಿಸಿ ನಿಲ್ಲಿಸಬೇಕು. ಹಿಂದಿನ ದಿನ ಹಚ್ಚಿದ್ದರೆ ಬೂದಿ ಕೆದರಿ ನೀರು ಹಾಕಿಸಬೇಕು. ಸಂದೇಶ ಹೋಬಳಿವಾರು ಇರಬೇಕು, ಮೊಬೈಲಿಗಷ್ಟೇ ಬಂದರೆ ಸಾಲದು. ಪಂಚಾಯಿತಿ ಮೈಕಿನಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದುವಿನಲ್ಲೂ ಕೂಗಿಸಬೇಕು. ಕಾಡಂಚಿನ ಬೆಂಕಿರೇಖೆಗಳನ್ನು ಫೆಬ್ರುವರಿಗೆ ಮೊದಲೇ ಸವರಿ ಮುಗಿಸಬೇಕು. ಗುಡುಗಿನ ಕಾಲ ಕೆಲವೊಮ್ಮೆ ಬೇಗ ಶುರುವಾಗುತ್ತದೆ: 2014ರಲ್ಲಿ ಮರಾಠವಾಡ, ಉತ್ತರ ಕರ್ನಾಟಕಗಳ ಮೇಲೆ ಆಲಿಕಲ್ಲು ಸುರಿದದ್ದು ಫೆಬ್ರುವರಿ ಕೊನೆ, ಮಾರ್ಚ್‌ನಲ್ಲೇ. ಮೊದಲ ಮಳೆ ಬಿತ್ತೆಂದು ಬೆಂಕಿ ಕಾವಲುಗಾರರನ್ನು ಬಿಡಿಸುವುದೂ ಸಲ್ಲದು. ಒಂದು ಅಡ್ಡಮಳೆಗೆ ನೆನೆದ ಹುಲ್ಲು ಎರಡು ದಿನದ ಬಿಸಿಲಿಗೆ ಮತ್ತೆ ಒಣಗುತ್ತದೆ.

2023ರಲ್ಲಿ ಅರಣ್ಯ ಖಾತೆಯೂ ಬೀದರ್ ಜಿಲ್ಲೆಯ ಉಸ್ತುವಾರಿಯೂ ಭಾಲ್ಕಿ ಶಾಸಕ ಈಶ್ವರ ಖಂಡ್ರೆ ಅವರ ಕೈಸೇರಿದಾಗ ಈ ಮೂರು ಇಲಾಖೆಗಳನ್ನು ಒಂದೇ ಮೇಜಿಗೆ ಕರೆಯುವ ಅನುಕೂಲ ಈ ಜಿಲ್ಲೆಗೆ ಒದಗಿತು. ಆ ಮೇಜಿಗೆ ಲಾತೂರ್, ನಾಂದೇಡ್, ಸಂಗಾರೆಡ್ಡಿ ಜಿಲ್ಲೆಗಳ ಅಧಿಕಾರಿಗಳೂ ಬರಬೇಕು. ಬೀದರ್ ಜಿಲ್ಲೆಯ ಗಡಿಗೆ ಹೊಂದಿಕೊಂಡ ದೇಗಲೂರು, ಉದಗೀರ, ನಾರಾಯಣಖೇಡ ಕಡೆಯ ಹೊಲಗಳಿಗೂ ಇಲ್ಲಿನ ಹೊಲಗಳಿಗೂ ನಡುವೆ ಇರುವುದು ಒಂದು ಬದು ಮಾತ್ರ. ಆಚೆ ಹಚ್ಚಿದ ಬೆಂಕಿಯ ಸುದ್ದಿ ಈಚೆಯ ತಹಶೀಲ್ದಾರರಿಗೆ ತಲುಪಿಸುವ ಹೊಣೆ ಯಾರದೆಂದು ಮುಂದಿನ ಬೇಸಿಗೆಗೆ ಮೊದಲೇ ಬರಹದಲ್ಲಿ ನಿಗದಿಯಾಗಬೇಕು.

— ಓದುಗ, ಭಾಲ್ಕಿ